ಪರದೆಯಲ್ಲಿ ಪಾಂಡು

ನಮ್ಮ ಕೇರಿಯ ಮಕ್ಕಳಿಗೆ ಸಿನೆಮಾ ತೋರಿಸಿದ ಪುಣ್ಯ ಹರಿಣಾಕ್ಷಿ ಟೀಚರಿಗೆ ಸೇರಬೇಕು. ಪಾಪವೂ ಅವರಿಗೇ ಸೇರಬೇಕು ಎನ್ನುವವರು ಕೇರಿಯಲ್ಲಿ ಈಗಲೂ ಇದ್ದಾರೆ. ನಾನು ಹಾಗೆ ಹೇಳುವವಳಲ್ಲ. ಆದರೆ ಕೇಳದೆ ಮಾಡುವ ಉಪಕಾರ ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲಾರೆ.

ಗಂಗೊಳ್ಳಿಯ ಕಡಲ ದಂಡೆಯಲ್ಲಿ ನಮ್ಮ ಕೇರಿ. ಇದು ಅರವತ್ತೆರಡೋ ಅರವತ್ತಮೂರೋ ಇಸವಿಯ ಮಾತು. ಕೇರಿಯ ಬುಡದಲ್ಲೇ ಹಂಚಿನ ಶಾಲೆ ಇತ್ತು, ಆದರೆ ಬಂಗುಡೆ ಮೀನಿನ ಹಿಂಡು ಕಂಡಿತೆಂದು ದಂಡೆಯಿಂದ ಕೂಗು ಬಿದ್ದರೆ ಸಾಕು, ಸ್ಲೇಟು ಅಲ್ಲಲ್ಲೇ ಬಿಟ್ಟು ನಾವೆಲ್ಲ ಓಟ. ಆಗ ರಂಪಣಿಯ ಕಾಲ. ರಂಪಣಿ ಎಂದರೆ ಒಂದೂರಿನ ಸುತ್ತ ಬೇಲಿ ಹಾಕಬಹುದಾದಷ್ಟು ಉದ್ದದ ಬಲೆ. ದೋಣಿಯವರು ಅದನ್ನು ಹಿಂಡಿನ ಸುತ್ತ ಬಿಟ್ಟು ಬಂದರೆ, ಎರಡು ತುದಿಯ ಹಗ್ಗ ಹಿಡಿದು ಇಡೀ ಕೇರಿ ದಡದಲ್ಲಿ ನಿಂತು ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು, ಮಕ್ಕಳಿಗೆ ಅರೆಪಾಲು. ಅ ಆ ಇ ಈ ಕಲಿತರೆ ಯಾರು ಪಾಲು ಕೊಡುತ್ತಾರೆ?

ಸಿನೆಮಾವನ್ನು ನಾವು ಕಿವಿಯಲ್ಲಿ ಮಾತ್ರ ಕೇಳಿದವರು. ಮಳೆ ಬಿಟ್ಟ ಮೇಲೆ ಹೊಳೆಯ ಆಚೆ ಕುಂದಾಪುರದಲ್ಲಿ ಸಿನೆಮಾ ಡೇರೆ ಬೀಳುತ್ತಿತ್ತು. ಸಂಜೆ ಅವರು ಹಾಕುವ ಹಾಡು ಗಾಳಿ ಇದ್ದರೆ ನಮ್ಮ ದಂಡೆಯವರೆಗೂ ಬರುತ್ತಿತ್ತು. ಒಮ್ಮೆ ಕೇರಿಯ ನಾಲ್ಕು ಹೆಂಗಸರು ಸೀರೆ ಉಟ್ಟು ಹೋಗಿದ್ದರಂತೆ. ಹತ್ತಿರ ಕೂತವರು ಮೂಗಿಗೆ ಸೆರಗು ಹಿಡಿದು ಎದ್ದು ದೂರ ಹೋದರಂತೆ. ಆಮೇಲೆ ನಮ್ಮವರು ಯಾರೂ ಆ ಕಡೆ ತಲೆ ಹಾಕಲಿಲ್ಲ.

ಹರಿಣಾಕ್ಷಿ ಟೀಚರು ಹಟ್ಟಿಯಂಗಡಿ ಕಡೆಯ ದೊಡ್ಡ ಮನೆಯವರು. ಗದ್ದೆ, ಒಕ್ಕಲು ಎಲ್ಲ ಇದ್ದ ಮನೆ. ಅಣ್ಣನ ಹೋಟೆಲಿದ್ದ ಬೊಂಬಾಯಿಯಲ್ಲಿ ಕೆಲವು ಕಾಲ ಇದ್ದು, ಅಲ್ಲಿ ಬೇಕಷ್ಟು ಸಿನೆಮಾ ನೋಡಿ ಬಂದಿದ್ದರು. ದಿನಾ ಕುಂದಾಪುರದಿಂದ ದೋಣಿ ದಾಟಿ, ಕೊಡೆ ಊರಿಕೊಂಡು ಶಾಲೆಗೆ ಬರುವರು. ಮಧ್ಯಾಹ್ನದ ಮೇಲೆ ಪಾಠ ಬಿಟ್ಟು ಸಿನೆಮಾ ಹೇಳುತ್ತಿದ್ದರು. ಕಥೆಯನ್ನಲ್ಲ, ಸಿನೆಮಾವನ್ನೇ. ಕತ್ತಲಾಗುವುದು ಹೇಗೆ, ಹಿಂದಿನಿಂದ ಬೆಳಕು ಹೊರಡುವುದು ಹೇಗೆ, ಮನುಷ್ಯನ ಮುಖ ಮನೆಯಷ್ಟು ದೊಡ್ಡದಾಗಿ ಕಾಣುವುದು ಹೇಗೆ. ಮುಖವೇ ಮನೆಯಷ್ಟಾದರೆ ಮೂಗಿನ ಹೊಳ್ಳೆ ಎಷ್ಟಿರಬಹುದು ಎಂದು ನಾವು ಆಡಿಕೊಂಡು ನಗುತ್ತಿದ್ದೆವು. ಆದರೂ ಅವರು ಹೇಳುವಾಗ ಶಾಲೆಯಲ್ಲಿ ಒಂದು ಸೊಳ್ಳೆಯ ಸದ್ದೂ ಕೇಳುವಂತಿರಲಿಲ್ಲ. ಈ ಮಕ್ಕಳಿಗೆ ಒಂದು ಸಲವಾದರೂ ಸಿನೆಮಾ ತೋರಿಸಬೇಕು ಎಂಬುದು ಅವರ ತಲೆಗೆ ಹೊಕ್ಕ ಹುಳು.

ವನಜ ನನ್ನ ಪಕ್ಕದ ಮನೆಯವಳು, ನನ್ನದೇ ಕ್ಲಾಸು. ಅವಳ ಅಪ್ಪ ಪಾಂಡಣ್ಣ ಕೇರಿಗೇ ಎತ್ತರದ ಆಳು, ರಂಪಣಿಯ ಹಗ್ಗದಲ್ಲಿ ಯಾವಾಗಲೂ ಮುಂದೆ. ಹಿಂದಿನ ವರ್ಷ ಒಂದು ಜೀಪು ಬಂದು, ಕ್ಯಾಮರಾ ಇಟ್ಟುಕೊಂಡು ನಮ್ಮ ರಂಪಣಿಯನ್ನು ಚಿತ್ರ ತೆಗೆದುಕೊಂಡು ಹೋಗಿತ್ತು. ಬಲೆ ಹೊತ್ತು ದಡಕ್ಕೆ ಬರುವ ಒಂದೇ ನಡಿಗೆಯನ್ನು ಪಾಂಡಣ್ಣನ ಕೈಯಲ್ಲಿ ನಾಲ್ಕಾರು ಸಲ ನಡೆಸಿದರು. ಮೀನು ಹಿಡಿಯುವ ಕೆಲಸ ಬಿಟ್ಟು ಇದೆಂತ ಮಂಗಾಟ ಎಂದು ಅವನು ನಗಾಡಿದ್ದು ನನಗೆ ನೆನಪಿದೆ.

ಆ ವರ್ಷ ಶ್ರಾವಣದ ನೂಲ ಹುಣ್ಣಿಮೆ ಕಳೆದು ಕಡಲಿಗೆ ಹಾಲು ಹೊಯ್ದು ದೋಣಿ ಇಳಿಸಿದರು. ಮೊದಲ ವಾರವೇ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಪಾಂಡಣ್ಣನ ದೋಣಿ ಮಗುಚಿತು. ಜೊತೆಯಲ್ಲಿದ್ದ ಇಬ್ಬರ ಹೆಣ ಮರುದಿನ ದಂಡೆಗೆ ಬಂತು. ಪಾಂಡಣ್ಣ ಬರಲಿಲ್ಲ.

ಇಲ್ಲಿ ನಮ್ಮ ಕೇರಿಯ ಒಂದು ಕಟ್ಟುಪಾಡು ಹೇಳಬೇಕು. ಹಿಂದೆ ಬಚ್ಚ ಎಂಬವನೊಬ್ಬ ಹೀಗೆಯೇ ಕಾಣೆಯಾಗಿದ್ದ. ಹೆಣ ಸಿಕ್ಕಲಿಲ್ಲವೆಂದು ದರ್ಭೆಯಲ್ಲಿ ಗೊಂಬೆ ಮಾಡಿ ದಂಡೆಯಲ್ಲಿ ಸುಟ್ಟರು. ಮರುವರ್ಷ ಬಚ್ಚ ಗೋವೆಯ ಕಡೆಯಿಂದ ನಡೆದುಕೊಂಡು ಬಂದ. ಸುಟ್ಟವನನ್ನು ಮನೆಗೆ ಸೇರಿಸುವುದು ಹೇಗೆ? ಹೆಂಡತಿ ಬಾಗಿಲು ಹಾಕಿಕೊಂಡಳು. ಅವನು ಗಾಳಿಮರದ ತೋಪಿನಲ್ಲಿ ಒಬ್ಬನೇ ಬದುಕಿ ಒಬ್ಬನೇ ಸತ್ತ, ಎರಡನೇ ಸಲ ಸುಡುವುದಕ್ಕೆ ಯಾರೂ ಹೋಗಲಿಲ್ಲ. ಅದರಿಂದ ಈ ಕಟ್ಟು ಬಂತು. ಹೆಣ ಸಿಕ್ಕದಿದ್ದರೆ ದೀಪಾವಳಿ ಕಳೆದು ಬರುವ ಅಮಾವಾಸ್ಯೆಯವರೆಗೆ ಕಾಯಬೇಕು. ಆ ದಿನ ಬೊಬ್ಬರ್ಯನ ಕಟ್ಟೆಯ ಎದುರು, ಅಂದರೆ ನಮ್ಮ ಕಡಲ ದೈವದ ಎದುರು, ಕೇರಿಯ ಯಜಮಾನನಾದ ಗುರಿಕಾರ ಸತ್ತವನ ಮನೆಯವರನ್ನು ಕೇಳಬೇಕು, ಅವನನ್ನು ಕಂಡಿರಾ ಎಂದು. ಇಲ್ಲ ಎಂದರೆ ಗೊಂಬೆಗೆ ಬೆಂಕಿ. ಮನೆಯವರಲ್ಲಿ ಒಬ್ಬರು ಕಂಡೆ ಎಂದರೂ ಮುಂದಿನ ವರ್ಷದ ಅದೇ ಅಮಾವಾಸ್ಯೆಯವರೆಗೆ ಬೆಂಕಿ ಇಲ್ಲ.

ಬೆಂಕಿಯಾಗುವ ತನಕ ಹೆಂಡತಿ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಅವಳೂ ಮಕ್ಕಳೂ ರಂಪಣಿಯ ಹಗ್ಗ ಮುಟ್ಟಬಾರದು, ಮೀನಿನ ಬುಟ್ಟಿ ಹೊರಬಾರದು. ಮುಟ್ಟಿದರೆ ಹಿಂಡು ತಿರುಗಿ ಹೋಗುತ್ತದೆಂದು ಹೆದರಿಕೆ. ಕೇರಿಯವರು ಬಾಗಿಲಲ್ಲಿ ಒಂದಿಷ್ಟು ಮೀನು ಇಟ್ಟು ಹೋಗುತ್ತಿದ್ದರು, ಮೊದಮೊದಲು. ಆಮೇಲೆ ಒಬ್ಬರು ಇಟ್ಟಿರಬಹುದೆಂದು ಇನ್ನೊಬ್ಬರು ತಿಳಿದುಕೊಂಡರು. ಪಾಂಡಣ್ಣನ ಹೆಂಡತಿ ಪದ್ದಕ್ಕ ತೆಂಗಿನ ಸಿಪ್ಪೆ ಕೊಳೆಸಿ, ಬಡಿದು, ನಾರು ತೆಗೆದು ಹೇಗೋ ಗಂಜಿ ಕಾಣಿಸುತ್ತಿದ್ದಳು. ವನಜಳ ಕೂದಲು ಕೆಂಚಾಯಿತು, ಕೈಕಾಲು ಕಡ್ಡಿಯಾಯಿತು. ಶಾಲೆಗೆ ಬಂದರೂ ಬಾಯಿ ಬಿಡುತ್ತಿರಲಿಲ್ಲ. ಪದ್ದಕ್ಕ ಒಂದು ದಿನ ನನ್ನ ಅಬ್ಬಿಯ ಹತ್ತಿರ, ನಾವು ಅಮ್ಮನಿಗೆ ಅಬ್ಬಿ ಎನ್ನುವುದು, ನೇರ ಹೇಳಿಬಿಟ್ಟಳು.

"ಅತ್ತ್ ಅತ್ತ್ ಸಾಕಾಯ್ತ್ ಅಕ್ಕ. ಅವ್ರಂತೂ ಇನ್ನ್ ಬಪ್ಪುದಿಲ್ಲ. ಬೆಂಕಿ ಆಯ್ಲಿ, ಮಾರ್ನೇ ದಿನ ನಾನ್ ಬುಟ್ಟಿ ಹೊರ್ತೆ. ಇನ್ನೊಂದ್ ವರ್ಷ ಹೀಂಗೇ ಕೂಕಂಡ್ರೆ ಈ ಹೆಣ್ಣೂ ಉಳಿಯುದಿಲ್ಲ."

ಅದು ಸುಳ್ಳಲ್ಲ ಎಂದು ವನಜಳನ್ನು ಕಂಡ ಯಾರಿಗೂ ಗೊತ್ತಾಗುತ್ತಿತ್ತು. ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಇತ್ತು.

ಅಷ್ಟರಲ್ಲಿ ಸರ್ಕಾರದ ಸಿನೆಮಾ ವ್ಯಾನೊಂದು ಕುಂದಾಪುರಕ್ಕೆ ಬಂದಿದೆ ಎಂಬ ಸುದ್ದಿ ಟೀಚರಿಗೆ ಸಿಕ್ಕಿತು. ವ್ಯಾನಿನಲ್ಲಿ ಮೆಷಿನ್ ನಡೆಸುವವನು ಭೋಜರಾಜ, ಮಂಗಳೂರು ಕಡೆಯವನು. ಟೀಚರು ಅವನ ಬೆನ್ನು ಬಿದ್ದು, ಬೈಂದೂರಿಗೆ ಹೋಗುವ ದಾರಿಯಲ್ಲಿ ಒಂದು ದಿನ ನಮ್ಮ ಶಾಲೆಗೆ ಬರಲು ಒಪ್ಪಿಸಿದರು. ಅವನ ಹತ್ತಿರ ಇದ್ದ ಡಬ್ಬಿಗಳಲ್ಲಿ ಒಂದು, ನಮ್ಮ ದಂಡೆಯಲ್ಲೇ ತೆಗೆದ ರಂಪಣಿಯ ಚಿತ್ರ. ಅದರಲ್ಲಿ ಒಬ್ಬ ಎತ್ತರದ ಮನುಷ್ಯ ಬಲೆ ಹೊತ್ತು ಬರುತ್ತಾನೆ ಎಂದು ಅವನು ಹೇಳಿದ ಕೂಡಲೇ ಟೀಚರಿಗೆ ಯಾರೆಂದು ಹೊಳೆಯಿತಂತೆ. ಮಾತು ಬಿಟ್ಟ ಮಗು ಒಂದು ಸಲ ಅಪ್ಪನನ್ನು ಕಣ್ತುಂಬ ಕಾಣಲಿ ಎಂದು ಅವರಿಗೆ ಅನ್ನಿಸಿತಂತೆ. ಪದ್ದಕ್ಕನನ್ನು ಒಂದು ಮಾತು ಕೇಳಬಹುದಿತ್ತು. ನಮ್ಮಂಥವರನ್ನು ಕೇಳಿ ಒಳ್ಳೆಯದು ಮಾಡುವ ಅಭ್ಯಾಸ ದೊಡ್ಡ ಮನೆಯವರಿಗೆ ಇರಲಿಲ್ಲ.

ಆ ಸಂಜೆ ಶಾಲೆಯ ಹಿಂದಿನ ಮರಳಿನಲ್ಲಿ, ಬಲೆ ಒಣಗಿಸುವ ಎರಡು ಕಂಬಗಳ ನಡುವೆ ಬಿಳಿ ಪರದೆ ಏರಿತು. ಕಡಲ ಗಾಳಿಗೆ ಅದು ಹೊಟ್ಟೆ ಉಬ್ಬಿಸುತ್ತಿತ್ತು. ಹಾಯಿ ಕಟ್ಟಿ ಗೊತ್ತಿದ್ದ ಗಂಡಸರು ಬಂದು ಕೆಳಗಿನ ಮೂಲೆಗಳಿಗೆ ಬಲೆಯ ಕಲ್ಲು ಕಟ್ಟಿ ಸರಿ ಮಾಡಿಕೊಟ್ಟರು. ಮಕ್ಕಳೆಲ್ಲ ಮುಂದೆ, ಗಂಡಸರು ನಡುವೆ, ಹೆಂಗಸರು ಹಿಂದೆ. ವನಜಳನ್ನು ಟೀಚರೇ ಕೈಹಿಡಿದು ತಂದು ನನ್ನ ಬದಿಯಲ್ಲಿ ಕೂರಿಸಿದರು. ಪದ್ದಕ್ಕನನ್ನು ನನ್ನ ಅಬ್ಬಿ ಒತ್ತಾಯ ಮಾಡಿ ಕರೆತಂದಿದ್ದಳು.

ಮೊದಲು ಹಿಮದ ಬೆಟ್ಟ ಕಂಡಿತು. ಇಷ್ಟು ಉಪ್ಪು ಎಲ್ಲಿಂದ ತಂದರೆಂದು ನಮ್ಮ ಕ್ಲಾಸಿನ ಹುಡುಗ ಕುಷ್ಟ ಕೇಳಿದ. ಆಮೇಲೆ ಆನೆ ಬಂತು, ಒಂದು ದೊಡ್ಡ ಪಟ್ಟಣ ಬಂತು, ನಮ್ಮಷ್ಟೇ ಪ್ರಾಯದ ಮಕ್ಕಳು ಸಾಲಾಗಿ ನಿಂತು ಹಾಲು ಕುಡಿದರು. ಕುಡಿದು ಹಾಲಿನ ಮೀಸೆ ಒರೆಸಿಕೊಂಡರು. ನಾವೂ ಒರೆಸಿಕೊಂಡೆವು. ನಾನು ಒಂದು ಸಲ ಹಿಂದೆ ತಿರುಗಿ, ಮೆಷಿನ್ನಿನಿಂದ ಹೊರಟು ನಮ್ಮ ತಲೆಯ ಮೇಲೆ ಹೋಗುವ ಬೆಳಕನ್ನು ನೋಡಿದೆ. ಅದರಲ್ಲಿ ದೀಪಕ್ಕೆ ಮುತ್ತುವ ಹಾತೆಗಳು ಹಾರುತ್ತಿದ್ದವು. ಅದೇ ಬೆಳಕು ಆ ಕಡೆ ಬೆಟ್ಟವಾಗುತ್ತದೆ, ಆನೆಯಾಗುತ್ತದೆ ಎಂದು ತಿಳಿದಾಗ ನನಗೆ ಅಳು ಬಂತು. ಅಷ್ಟು ಸಂತೋಷ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ವನಜ ಕೂಡ ಬಾಯಿ ತೆರೆದು ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ಹಲ್ಲು ಕಂಡೆ.

ಎರಡನೇ ಡಬ್ಬಿ ಹಾಕಿದರು. ಕಡಲು ಕಂಡಿತು. ಯಾರೋ, ಅದು ನಮ್ಮ ದಂಡೆ ಎಂದರು. ನಮ್ಮ ದೋಣಿ, ನಮ್ಮ ತೆಂಗಿನ ಮರ, ನಮ್ಮ ನಾಯಿ. ಗುರಿಕಾರ ಅಣ್ಣಯ್ಯ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಕೂತಿದ್ದ ಅಣ್ಣಯ್ಯ ಪರದೆಯ ಅಣ್ಣಯ್ಯನನ್ನು ನೋಡಿ ಮೀಸೆ ತಿರುವಿದರು. ಅಲ್ಲಿ ಹಗ್ಗ ಎಳೆಯಲು ಶುರುಮಾಡಿದಾಗ ಇಲ್ಲಿ ಕೂತ ಗಂಡಸರು ಗೊತ್ತಿಲ್ಲದೆ ಮೈ ಹಿಂದಕ್ಕೆ ಜಗ್ಗಿದರು. ಬುಟ್ಟಿಯಷ್ಟು ದೊಡ್ಡ ಬಂಗುಡೆ ಕಂಡದ್ದಕ್ಕೆ ಹಿಂದಿನಿಂದ ಒಬ್ಬಳು ಕ್ರಯ ಕಟ್ಟಿದಳು. ಎಲ್ಲರೂ ನಕ್ಕರು.

ಆ ನಗು ಮುಗಿಯುವ ಮೊದಲೇ ಪಾಂಡಣ್ಣ ಬಂದ.

ನೀರಿನಿಂದ ಎದ್ದು, ಹೆಗಲ ಮೇಲೆ ಬಲೆಯ ಸುರುಳಿ ಹೊತ್ತು, ನಮ್ಮ ಕಡೆಗೇ ನಡೆದು ಬಂದ. ಬಂದ ಹಾಗೆ ದೊಡ್ಡವನಾದ. ಟೀಚರು ಹೇಳುತ್ತಿದ್ದ ಹಾಗೆ ಮುಖ ಮನೆಯಷ್ಟಾಯಿತು. ಎಡಗೈಯಲ್ಲಿ ಮುಖದ ನೀರು ಒರೆಸಿ, ಏನೋ ಹೇಳಿ ನಕ್ಕ. ಅವನ ಮಾತು ಕೇಳಲಿಲ್ಲ, ಯಾವನೋ ಹಿಂದಿಯಲ್ಲಿ ಮಾತಾಡುತ್ತಲೇ ಇದ್ದ.

"ಅಪ್ಪಯ್ಯ ಬಂದ್ರ್," ಎಂದಳು ವನಜ. ದೋಣಿ ದಡಕ್ಕೆ ಬಂದಾಗ ದಿನಾ ಹೇಳುತ್ತಿದ್ದ ಹಾಗೆಯೇ ಹೇಳಿದಳು. ಎದ್ದು ಪರದೆಯ ಕಡೆ ನಡೆದಳು. ಅವಳ ನೆರಳು ಪಾಂಡಣ್ಣನ ಎದೆಯ ಮೇಲೆ ಬಿತ್ತು.

"ನಿಲ್ಸಿ," ಎಂದರು ಅಣ್ಣಯ್ಯ.

ಮೆಷಿನ್ ನಿಂತಿತು, ಕತ್ತಲಾಯಿತು. ಯಾರೋ ಲಾಟೀನು ಎತ್ತಿದರು. ಹಿಂದಿನಿಂದ ಪದ್ದಕ್ಕ ಬರುತ್ತಿದ್ದಳು. ಮುಖದ ತುಂಬ ಸೆರಗು, ಕೂತವರ ತಲೆ, ಹೆಗಲು ತಡಕುತ್ತ, ಕಂಡಕಂಡವರ ಕೈಕಾಲು ತುಳಿಯುತ್ತ ಬಂದು, ಮಗಳ ರಟ್ಟೆ ಹಿಡಿದಳು. ಪಾಪ, ತಲೆ ತಿರುಗಿದೆ ಎಂದು ಎಲ್ಲರೂ ಅಂದುಕೊಂಡೆವು.

ಅಣ್ಣಯ್ಯ ಟೀಚರ ಮುಂದೆ ಬಂದು ನಿಂತರು. ಗದರಿಸಲಿಲ್ಲ. ಅವರ ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು ಕಂಡಿತು.

"ಇನ್ನ್ ಅಮಾಸಿ ದಿನ ನಾನ್ ಎಂತ ಮಾಡ್ಕ್ ಅಮ್ಮ? ಮನಿಯರ್ ಕಂಡ್ರಲೆ."

"ಗುರಿಕಾರ್ರೇ, ಅದ್ ಹೋದ್ ವರ್ಷ ತೆಗ್ದದ್ದ್. ಬರೀ ಚಿತ್ರ. ಅವ್ರ್ ಬಂದದ್ದಲ್ಲ," ಎಂದರು ಟೀಚರು.

"ನಂಗೂ ಗೊತ್ತಿತ್ತ್. ತೆಗುವತಿಗೆ ನಾನೂ ಅಲ್ಲೇ ನಿಂತದ್ದಲ್ದಾ? ಈಗ ಅದ್ರೊಳ್ಗೆ ನನ್ನನ್ನೂ ಕಂಡೆ, ಅವ್ನನ್ನೂ ಕಂಡೆ. ನಾನ್ ಬದ್ಕಿ ಇದ್ದೆ. ಅವ್ನ್ ಸತ್ತಿದ್ದ ಅಂದ್ ಆ ಬಟ್ಟಿ ಎಲ್ ಹೇಳ್ತ್? ಹ್ಯಾಂಗ್ ಕಂಡದ್ದ್ ಅಂದ್ ಕೇಂಬುಕೆ ಕಟ್ಟಲ್ಲಿ ಇಲ್ಲ. ಕಂಡ್ರಾ ಇಲ್ಯಾ, ಅಷ್ಟೇ."

"ಆ ಹೆಣ್ಣನ್ ಕೇಣ್ಬೇಡಿ. ಅದ್ ಸಣ್ ಮಗು."

"ಸಣ್ ಮಕ್ಳ್ ಸುಳ್ಳ್ ಹೇಳುದಿಲ್ಲ ಅಂದೇ ಕೇಂಬುದ್. ಬಚ್ಚ ನನ್ನ ಅಜ್ಜಯ್ಯ ಅಮ್ಮ. ತೋಪಂಗೆ ಹೋಯಿ ಅವ್ನಿಗೆ ಗಂಜಿ ಇಟ್ ಬಪ್ಪುದ್ ನನ್ನ ಕೆಲ್ಸ ಆಯಿತ್ತ್. ಇನ್ನೊಂದ್ ಸಲ ಅದಾಪ್ಕಾಗ."

ಟೀಚರಿಗೆ ಬಚ್ಚ ಯಾರು, ಕಟ್ಟು ಎಂದರೇನು, ಒಂದೂ ಗೊತ್ತಿರಲಿಲ್ಲ. ಹೊಳೆ ದಾಟುವ ದೋಣಿ ಅಷ್ಟು ಹೊತ್ತಿಗೆ ಹೋಗಿಯಾಗಿತ್ತು. ಆ ರಾತ್ರಿ ಅವರು ನಮ್ಮ ಮನೆಯಲ್ಲೇ ಇದ್ದರು. ನನ್ನ ಅಬ್ಬಿ ಎಲ್ಲವನ್ನೂ ಬಿಡಿಸಿ ಹೇಳಿದಳು. ವನಜ ಕಂಡೆ ಎಂದರೆ ಇನ್ನೊಂದು ವರ್ಷ ಆ ತಾಯಿಮಗಳಿಗೆ ಹಗ್ಗವೂ ಇಲ್ಲ, ಬುಟ್ಟಿಯೂ ಇಲ್ಲ ಎಂದು ಕೇಳಿ ಅವರು ತುಂಬ ಅತ್ತರು. ಅಳುವವರನ್ನು ಕಂಡರೆ ಕರಗುವ ಜಾತಿ ನನ್ನದಲ್ಲ. ಅಂಥ ನನಗೂ ಅವರ ಮೇಲೆ ಮರುಕ ಬಂತು.

ಬೆಳಿಗ್ಗೆ ಅವರು ಇನ್ನೊಂದು ಉಪಾಯ ಹೂಡಿದರು. ಭೋಜರಾಜ ಬೈಂದೂರಿಗೆ ಹೊರಡುವ ಮೊದಲು ಶಾಲೆಯ ಕೋಣೆಯಲ್ಲಿ ಮೆಷಿನ್ ಇಡಿಸಿ, ಕಿಟಕಿಗಳಿಗೆ ಗೋಣಿ ತುರುಕಿ, ವನಜಳನ್ನು ಕರೆಸಿದರು. ಇದು ಮನುಷ್ಯನಲ್ಲ, ಯಂತ್ರದ ಆಟ ಎಂದು ಮಗುವಿನ ಮನಸ್ಸಿಗೆ ಹೊಕ್ಕರೆ, ಕಂಡೆ ಎಂದು ಹೇಳುವುದಿಲ್ಲ ಎಂದು ಅವರ ಲೆಕ್ಕ. ವನಜಳ ಜೊತೆ ನಾನೂ ಒಳಗೆ ಹೋದೆ. ಪದ್ದಕ್ಕ ಬಾಗಿಲವರೆಗೆ ಬಂದವಳು ಅಲ್ಲೇ ನಿಂತಳು. ಒಳಗೆ ಬನ್ನಿ ಎಂದು ಟೀಚರು ಎರಡೆರಡು ಸಲ ಕರೆದರು. ಅವಳು ಶಾಲೆಗೆ ಬೆನ್ನು ಹಾಕಿ, ಕಡಲ ಕಡೆ ಮುಖ ಮಾಡಿ ನಿಂತೇ ಇದ್ದಳು.

ಟೀಚರು ಪಾಠದ ಕನ್ನಡದಲ್ಲಿ ಹೇಳಿದರು, "ವನಜಾ, ಇದೊಂದು ಯಂತ್ರ. ನಾವು ಹೇಳಿದ ಹಾಗೆ ಕೇಳುತ್ತದೆ. ಬಾ ಎಂದ ಕೂಡಲೇ ಬರುತ್ತದೆ, ಹಿಂದಕ್ಕೆ ಹೋಗು ಎಂದ ಕೂಡಲೇ ಹೋಗುತ್ತದೆ. ನೋಡು."

ಗೋಡೆಯ ಮೇಲೆ ಪಾಂಡಣ್ಣ ಬಂದ, ಮುಖ ಒರೆಸಿದ, ನಕ್ಕ. ಭೋಜರಾಜ ಏನೋ ತಿರುಗಿಸಿದ. ಪಾಂಡಣ್ಣ ನಗುತ್ತಲೇ ಹಿಂದಕ್ಕೆ ನಡೆದ. ನಮಗೆ ಬೆನ್ನು ಹಾಕಲಿಲ್ಲ, ನಮ್ಮನ್ನೇ ನೋಡುತ್ತ ಹಿಂದೆ ಹಿಂದೆ ಹೋದ. ಮೊಣಕಾಲಿಗೆ ನೀರು ಬಂತು, ಸೊಂಟಕ್ಕೆ ನೀರು ಬಂತು. ಅಲ್ಲಿ ಮೆಷಿನ್ ಕಚ್ಚಿಕೊಂಡಿತು. ಅವನ ಹೆಗಲ ಹತ್ತಿರ ಒಂದು ಕಂದು ಕಲೆ ಎದ್ದು, ದೋಸೆಯ ಗುಳ್ಳೆಯ ಹಾಗೆ ಉಬ್ಬಿ, ಮುಖದ ಮೇಲೆ ಹರಡಿತು. ಆಮೇಲೆ ಬರೀ ಬಿಳಿ. ಸುಟ್ಟ ವಾಸನೆ ಬಂತು. ಭೋಜರಾಜ ಹಾರಿ ಬಂದು ದೀಪ ಆರಿಸಿದ, ತನ್ನಷ್ಟಕ್ಕೆ ಬೈದುಕೊಂಡ.

ಗೋಣಿ ತೆಗೆದು ಕಿಟಕಿ ತೆರೆದಾಗ ವನಜ ಗೋಡೆಯನ್ನೇ ನೋಡುತ್ತಿದ್ದಳು. ಅತ್ತಿರಲಿಲ್ಲ. ಟೀಚರು ಅವಳ ತಲೆ ನೇವರಿಸಲು ಕೈ ಚಾಚಿದರು, ಅವಳು ಸರಿದು ನಿಂತಳು.

"ಇನ್ನೊಂದ್ ಸಲ ಅವ್ರನ್ ಬಪ್ಪುಕೆ ಹೇಳ್ಬೇಡಿ ಟೀಚರೇ," ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಇಡೀ ಕೇರಿ ಬೊಬ್ಬರ್ಯನ ಕಟ್ಟೆಯಲ್ಲಿ ಸೇರಿತು. ಟೀಚರೂ ಬಂದಿದ್ದರು, ದೂರದಲ್ಲಿ ನಿಂತಿದ್ದರು. ಪಾಂಡಣ್ಣನ ಅಕ್ಕನ ಮಗ ದರ್ಭೆಯ ಗೊಂಬೆ ಹಿಡಿದು ಕೂತಿದ್ದ. ಮನೆಯಿಂದ ಹೊರಡುವ ಮೊದಲು ಪದ್ದಕ್ಕ ವನಜಳಿಗೆ ಹೇಳಿದ್ದು ಗೋಡೆಯ ಈಚೆ ನಮಗೆ ಕೇಳಿತ್ತು. "ನೀ ಕಂಡೆ ಅಂದ್ರೆ ನಾವಿಬ್ರೂ ಉಪಾಸ ಸಾಯ್ಕ್ ಮಗಾ. ಇಲ್ಲ ಅನ್. ಆ ಪಾಪ ನಂಗಿರ್ಲಿ." ವನಜ ಏನು ಉತ್ತರ ಕೊಟ್ಟಳೋ, ಕೊಟ್ಟಳೋ ಇಲ್ಲವೋ, ನಮಗೆ ಕೇಳಲಿಲ್ಲ.

ಅಣ್ಣಯ್ಯ ಮೊದಲು ಪದ್ದಕ್ಕನನ್ನು ಕೇಳಿದರು. "ಪಾಂಡುನ ಕಂಡ್ಯಾ?"

"ನಾನ್ ಕಾಣ್ಲಿಲ್ಲ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಅವತ್ತು ಮರಳಿನಲ್ಲಿ ಕೂತವರಲ್ಲಿ ಕಾಣದವರು ಯಾರು? ಅಣ್ಣಯ್ಯ ತಡೆದು ಕೇಳಿದರು. "ಬೊಬ್ಬರ್ಯನ ಎದುರ್ ಹೇಳ್ತಿದ್ಯಾ?"

"ಬೊಬ್ಬರ್ಯನ ಎದ್ರೇ. ಈ ಎರ್ಡ್ ಕಣ್ಣಂಗೆ ನಾನ್ ಕಾಣ್ಲಿಲ್ಲ."

ಹೊಟ್ಟೆಗಾಗಿ ದೈವದ ಎದುರು ಇಷ್ಟು ಗಟ್ಟಿಯಾಗಿ ಸುಳ್ಳು ಹೇಳುವ ಹೆಂಗಸನ್ನು ಕಂಡು ನನಗೇ ಹೆದರಿಕೆಯಾಯಿತು.

ಆಮೇಲೆ ವನಜಳ ಸರದಿ. ಅಣ್ಣಯ್ಯ ಕೂತು, ಅವಳ ಎತ್ತರಕ್ಕೆ ಬಂದು ಕೇಳಿದರು. "ಹೆಣ್ಣೇ, ಹೆದ್ರ್ಬೇಡ. ಅಪ್ಪಯ್ಯನ ಕಂಡ್ಯಾ?"

ವನಜ ತಾಯಿಯನ್ನು ನೋಡಿದಳು. ಟೀಚರ ಕಡೆ ನೋಡಿದಳು. ಸುಳ್ಳು ಹೇಳಬಾರದು ಎಂದು ದಿನಾ ಬೆಳಿಗ್ಗೆ ನಮ್ಮ ಕೈಯಲ್ಲಿ ಹೇಳಿಸುತ್ತಿದ್ದ ಟೀಚರು ತಲೆ ತಗ್ಗಿಸಿದರು.

"ನಾನ್ ಕಾಣ್ಲಿಲ್ಲ," ಎಂದಳು ವನಜ.

ಅಣ್ಣಯ್ಯ ಎದ್ದು ನಿಂತರು. ಸುಳ್ಳೆಂದು ಅವರಿಗೆ ಗೊತ್ತಿತ್ತು. ಕಟ್ಟಿನ ಪ್ರಕಾರ ಕೇಳಬೇಕಾದ್ದನ್ನು ಕೇಳಿಯಾಗಿತ್ತು, ಉತ್ತರವೂ ಬಂದಿತ್ತು. ಕೈ ಸನ್ನೆ ಮಾಡಿದರು. ದಂಡೆಯಲ್ಲಿ ಗೊಂಬೆಗೆ ಬೆಂಕಿ ಇಟ್ಟರು. ಪದ್ದಕ್ಕನ ಬಳೆಯನ್ನು ಕಲ್ಲಿನಲ್ಲಿ ಒಡೆದು ಕಡಲಿಗೆ ಹಾಕಿದರು. ದರ್ಭೆಯ ಗೊಂಬೆ ಉರಿಯುವುದಕ್ಕೆ ಎಷ್ಟು ಹೊತ್ತು? ನಾವು ಮನೆಗೆ ಬಂದು ಗಂಜಿ ಉಂಡೆವು.

ಮರುದಿನವೇ ಪದ್ದಕ್ಕ ಬುಟ್ಟಿ ಎತ್ತಿದಳು. ವನಜ ಬದುಕಿದಳು. ತಿಂಗಳೊಪ್ಪತ್ತಿನಲ್ಲಿ ಅವಳ ಮೈಯಲ್ಲಿ ಮಾಂಸ ಕಂಡಿತು. ಆದರೆ ಕೇರಿ ಪದ್ದಕ್ಕನನ್ನು ಕ್ಷಮಿಸಲಿಲ್ಲ. ಕಣ್ಣೆದುರು ಗಂಡ ನಗುತ್ತ ಬಂದರೂ ಬುಟ್ಟಿಯ ಆಸೆಗೆ ಕಾಣಲಿಲ್ಲ ಎಂದವಳು, ಮಗಳ ಬಾಯಲ್ಲೂ ಸುಳ್ಳಾಡಿಸಿದವಳು ಎಂದು ಬಾವಿಕಟ್ಟೆಯಲ್ಲಿ ಅವಳಿಗೆ ಕೇಳುವ ಹಾಗೆಯೇ ಆಡಿಕೊಳ್ಳುತ್ತಿದ್ದರು. ಆ ವರ್ಷ ಬಂಗುಡೆ ಕಡಿಮೆಯಾದದ್ದಕ್ಕೂ ಅವಳೇ ಕಾರಣವಾದಳು. ಅವಳು ಯಾರಿಗೂ ಉತ್ತರ ಕೊಡಲಿಲ್ಲ. ಟೀಚರು ಗುಲ್ವಾಡಿ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಹೋಗುವ ದಿನ ನಾವು ಕೆಲವರು ಅವರನ್ನು ದೋಣಿಯವರೆಗೆ ಬಿಡಲು ಹೋಗಿ, ಇನ್ನೊಂದು ಸಲ ವ್ಯಾನು ತರಿಸಿ ಎಂದು ಕೇಳಿದೆವು. ಮಕ್ಕಳ ಬುದ್ಧಿ. ಅವರು ಕೊಡೆ ಬಿಡಿಸಿ ಮುಖ ಮರೆ ಮಾಡಿಕೊಂಡರು.

ನನಗೂ ವನಜಳಿಗೂ ಬುಟ್ಟಿ ಹೊರುವ ಪ್ರಾಯ ಬಂದ ಮೇಲೆ ಪದ್ದಕ್ಕನ ಜೊತೆ ನಾವೂ ಬೈಂದೂರಿನ ಕಡೆ ಮೀನು ಮಾರಲು ಹೋಗತೊಡಗಿದೆವು. ವನಜ ತಾಯಿ ಹೇಳಿದ್ದನ್ನು ಮಾಡುವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವಳು. ಕುಂದಾಪುರದ ಡೇರೆಗೆ ನಾನು ಕದ್ದುಮುಚ್ಚಿ ಹೋಗಿ ಬಂದು ಕಥೆ ಹೇಳಲು ಹೊರಟರೆ ಎದ್ದು ಹೋಗುವಳು. ಪದ್ದಕ್ಕನಿಗೆ ಮಾತ್ರ ಒಂದು ವಿಚಿತ್ರ ಚಟ ಹಿಡಿದಿತ್ತು. ಹೋದಲ್ಲೆಲ್ಲ ಆ ಸಿನೆಮಾ ವ್ಯಾನು ಈಚೆಗೆ ಬಂದಿತ್ತಾ ಎಂದು ಕೇಳುವುದು. ಒಣಮೀನು ಹೊತ್ತು ಬ್ರಹ್ಮಾವರದ ಸಂತೆಗೆ ಹೋದರೆ ಅಲ್ಲಿಯೂ ಅದೇ ಪ್ರಶ್ನೆ. ಎಂತಕ್ಕೆ ಎಂದು ಕೇಳಿದರೆ, ಸುಮ್ನೆ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಬೈಂದೂರಿನ ಪೇಟೆಯ ಬದಿಯಲ್ಲಿ, ಒಂದು ಆಲದ ಮರದ ಅಡಿ ಆ ವ್ಯಾನು ನಿಂತಿತ್ತು. ಭೋಜರಾಜ ಮೆಟ್ಟಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ತಲೆ ನರೆತಿತ್ತು, ಆದರೂ ಗುರುತು ಸಿಕ್ಕಿತು. ಪದ್ದಕ್ಕ ಬುಟ್ಟಿ ಇಳಿಸಿ, ಸೆರಗಿನಲ್ಲಿ ಮುಖ ಒರೆಸಿ, ಅವನ ಎದುರು ನಿಂತಳು.

"ಹ್ವಾಯ್, ನಮ್ಮ ಗಂಗೊಳ್ಳಿ ದಂಡಿ ಚಿತ್ರ ಇತ್ತಾ ನಿಮ್ಮತ್ರ?"

"ಇದೆಯಮ್ಮ. ಇವತ್ತು ಸಂಜೆ ಅದನ್ನೂ ಹಾಕುತ್ತೇನೆ."

"ಅದ್ರೊಳ್ಗೆ ಒಬ್ರ್ ಬಲೆ ಹೊತ್ಕಂಡ್ ಬತ್ರಲೆ. ಎತ್ರ ಇದ್ದರ್."

ಭೋಜರಾಜ ಅವಳನ್ನು ನೋಡಿದ, ನಮ್ಮನ್ನು ನೋಡಿದ. ಬೀಡಿ ಬಿಸಾಡಿದ. "ಆ ತುಂಡು ಅವತ್ತು ನಿಮ್ಮ ಶಾಲೆಯಲ್ಲೇ ಸುಟ್ಟುಹೋಯಿತಲ್ಲಮ್ಮ. ಹಾಳಾದಷ್ಟನ್ನು ಕತ್ತರಿಸಿ ತೆಗೆದು ಅಂಟಿಸಿದ್ದೇನೆ. ದೋಣಿ ಇದೆ, ಮೀನಿದೆ, ಆ ಮೀಸೆಯ ಯಜಮಾನರಿದ್ದಾರೆ. ಅವರು ಈಗ ಅದರಲ್ಲಿಲ್ಲ."

ಪದ್ದಕ್ಕ ತಲೆಯಾಡಿಸಿದಳು. ಬುಟ್ಟಿಯ ಹತ್ತಿರ ಬಂದು ಕೂತಳು. ನನಗೆ ಸಿಟ್ಟು ಬಂತು. ಸತ್ತವನನ್ನು ಇನ್ನೂ ಹುಡುಕುತ್ತಿದ್ದಾಳಲ್ಲ, ಆಗ ಇಲ್ಲವೆಂದು ಆಣೆ ಹಾಕಿದವಳು.

"ಇನ್ನೆಂತಕ್ ಪದ್ದಕ್ಕ? ಅವತ್ತೇ ಕಂಡಿದ್ರಲೆ ನೀವ್," ಎಂದೆ.

"ಇಲ್ಯೇ ರಾಜೀವಿ." ಅವಳು ನನ್ನನ್ನು ನೋಡದೆ ಹೇಳಿದಳು. "ನಮ್ಮ ದಂಡಿ ಕಂಡ ಕೂಡ್ಲೇ ಗೊತ್ತಾಯ್ತ್ ನಂಗೆ, ಇನ್ನ್ ಇವ್ರ್ ಬತ್ರ್ ಅಂದ್. ಸೆರಗ್ ಮುಖಕ್ ಒತ್ಕಂಡ್ ಕಣ್ಣ್ ಮುಚ್ಕಂಡೆ. ಕಂಡಿದ್ರೆ ಬೊಬ್ಬರ್ಯನ ಎದ್ರ್ ಕಾಣ್ಲಿಲ್ಲ ಅಂಬುಕೆ ನನ್ನಿಂದ ಆತಿರ್ಲಿಲ್ಲ. ಎಲ್ರೂ ನಗಾಡ್ದ್ ಕೇಂತ್. ಆಮೇಲ್ ಎಲ್ರೂ ಸುಮ್ನಾದ್ದೂ ಕೇಂತ್. ಅಷ್ಟೇ."

ಕೂತವರ ತಲೆ, ಹೆಗಲು ತಡಕುತ್ತ ಅವಳು ಬಂದದ್ದು ಕಣ್ಣಿಗೆ ಕಟ್ಟಿತು. ಕೇರಿಯ ನಾಯಿಯಿಂದ ಹಿಡಿದು ಕಂಕುಳ ಕೂಸಿನವರೆಗೆ ಎಲ್ಲರೂ ಪಾಂಡಣ್ಣನನ್ನು ಕಂಡಿದ್ದರು. ಅವನ ಹೆಂಡತಿ ಒಬ್ಬಳು ಕಂಡಿರಲಿಲ್ಲ. ಅಂಥವಳನ್ನು ನಾವು ಇಷ್ಟು ವರ್ಷ ಸುಳ್ಳಿ ಎಂದು ಕರೆದಿದ್ದೆವು.

ಪದ್ದಕ್ಕ ಮಗಳ ಕಡೆ ತಿರುಗಿದಳು. ವನಜ ಸಿಂಬೆ ಸುತ್ತುತ್ತಿದ್ದಳು.

"ಮಗಾ, ನೀ ಕಂಡಿದ್ದೆ ಅಲ್ದಾ? ಹ್ಯಾಂಗಿದ್ರ್? ನಗಾಡ್ತಾ ಇದ್ರಂಬ್ರ್. ಒಂದ್ ಸಲ ಹೇಳ್."

ವನಜ ಸಿಂಬೆಯ ತುದಿ ಒಳಗೆ ಸಿಕ್ಕಿಸಿದಳು. ನನಗೆ ತಡೆಯಲಾಗಲಿಲ್ಲ. "ನಾನ್ ಹೇಳ್ತೆ ಪದ್ದಕ್ಕ. ನೀರಿಂದ ಎದ್ದ್ ಬಂದ್ರ್, ಎಡ್ಗೈಯಂಗೆ ಮುಖ..."

"ನೀ ಬೇಡ," ಎಂದು ಪದ್ದಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ಅವ್ಳ್ ಹೇಳ್ಲಿ."

ವನಜ ಸಿಂಬೆಯನ್ನು ತಲೆಗಿಟ್ಟುಕೊಂಡಳು. ಬುಟ್ಟಿಯನ್ನು ತಾನೇ ಎತ್ತಿಕೊಂಡು, ಎದ್ದು ನಿಂತು, ಸರಿ ಕೂರಿಸಿಕೊಂಡಳು.

"ನಾನ್ ಕಾಣ್ಲಿಲ್ಲ ಅಬ್ಬಿ," ಎಂದಳು.